ಕಾದಿರುವವನ ಧರ್ಮ

ಗೆದ್ದವನ ಹೆಸರನ್ನು ಲೋಕವು ಕೊಂಡಾಡುವುದು. ಸೋತವನನ್ನೂ ಕೆಲವು ಕಾಲ ಮರುಕದಿಂದ ನೆನೆಯುವುದುಂಟು. ಆದರೆ ಕಣಕ್ಕಿಳಿಯಲು ಸರ್ವವಿಧದಲ್ಲಿಯೂ ಸಿದ್ಧನಾಗಿ ನಿಂತು, ಕರೆಯೇ ಬಾರದೆ ಹಿಂದಿರುಗಿದವನ ವಿಷಯದಲ್ಲಿ ಲೋಕಕ್ಕೆ ಹೇಳಲು ಮಾತಿಲ್ಲ. ಅಂಥವನ ಶ್ರಮವು ವ್ಯರ್ಥವಾಯಿತೆ? ವ್ಯರ್ಥವಾಗಲಿಲ್ಲವೆಂದಾದರೆ ಅದರ ಸಾರ್ಥಕತೆಯನ್ನು ಎಲ್ಲಿ ಹುಡುಕಬೇಕು? ಈ ಪ್ರಶ್ನೆ ಬಾಳಿನ ಎಲ್ಲ ಕಸುಬುಗಳಲ್ಲಿಯೂ ಏಳತಕ್ಕುದೇ ಆದರೂ, ಆಟದ ಬಯಲಿನಲ್ಲಿ ಅದು ಮರೆಯಿಲ್ಲದೆ ಕಾಣಿಸಿಕೊಳ್ಳುವುದು.

ಬೆಂಗಳೂರಿನ ಪಡುವಣ ದಿಕ್ಕಿನಲ್ಲಿ, ಕೆಂಗೇರಿಗೆ ಹೋಗುವ ಮೈಸೂರು ರಸ್ತೆಗೆ ಸಮೀಪವಾಗಿ, ಜ್ಞಾನಭಾರತಿಯ ಆವರಣದಲ್ಲಿ ಭಾರತ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ದೇಶದ ಹಾಕಿ ತಂಡಗಳ ಶಿಬಿರಗಳು ಬಹುಮಟ್ಟಿಗೆ ಇಲ್ಲಿಯೇ ನಡೆಯುವುವು. ನಾನಾ ಪ್ರಾಂತಗಳಿಂದ ಬಂದ 30-35 ಮಂದಿ ತರುಣರು ಒಂದೇ ಊಟ, ಒಂದೇ ವ್ಯಾಯಾಮ, ಒಂದೇ ನೀಲಿ ಹಾಸಿನ ಮೈದಾನವನ್ನು ಹಂಚಿಕೊಂಡು ತಿಂಗಳುಗಟ್ಟಲೆ ಅಭ್ಯಾಸ ಮಾಡುವರು. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ಭಯದಿಂದ ದೇಶವೇ ಬಾಗಿಲು ಹಾಕಿಕೊಂಡಾಗಲೂ ಆಟಗಾರರು ಮನೆಮಠಗಳಿಗೆ ದೂರವಾಗಿ ಈ ಆವರಣದಲ್ಲಿಯೇ ಉಳಿದಿದ್ದರು. ಆದರೆ ಒಲಿಂಪಿಕ್ ಕೂಟದ ನಿಯಮವು ತಂಡಕ್ಕೆ 16 ಮಂದಿಯನ್ನು ಮಾತ್ರ ಒಪ್ಪುವುದು. ಪಟ್ಟಿ ಪ್ರಕಟವಾದ ದಿನ ಒಂದೇ ಪಂಕ್ತಿಯಲ್ಲಿ ಉಂಡವರು ಎರಡು ಪಂಗಡವಾಗುವರು.

ಗೋಲು ಕಾಯುವವನ ಪಾಲಿಗೆ ಈ ಲೆಕ್ಕವು ಇನ್ನೂ ಕಠೋರವಾದುದು. ಉಳಿದವರು ಪಂದ್ಯದ ನಡುವೆ ಸರದಿಯಿಂದ ಒಳಗೆ ಬಂದು ಹೊರಗೆ ಹೋಗುವರು. ಗೋಲಿನ ಮುಂದೆ ನಿಲ್ಲತಕ್ಕವನು ಒಬ್ಬನೇ. ಕೇರಳದ ಪಿ. ಆರ್. ಶ್ರೀಜೇಶರು 2006ರಲ್ಲಿ ದೇಶದ ತಂಡವನ್ನು ಸೇರಿ, ಮೊದಮೊದಲು ತಾವೂ ಹಿರಿಯರ ಹಿಂದೆ ಕಾದಿದ್ದು, ಬಳಿಕ 2024ರವರೆಗೆ ಆ ಸ್ಥಾನವನ್ನು ಬೆಳಗಿದರು. ಅವರ ಹಿಂದೆ 2018ರಿಂದ ಸಿದ್ಧರಾಗಿ ನಿಂತವರು ಪಂಜಾಬಿನ ಕೃಷನ್ ಬಹಾದೂರ್ ಪಾಠಕರು. ಟೋಕಿಯೋ ಕೂಟಕ್ಕಾಗಿ ಆರಿಸಿದ 16 ಮಂದಿಯಲ್ಲಿ ಅವರಿಗೆ ಸ್ಥಳ ದೊರೆಯಲಿಲ್ಲ. ಪ್ಯಾರಿಸ್ಸಿನ 16ರಲ್ಲಿಯೂ ದೊರೆಯಲಿಲ್ಲ. ಯಾರಿಗಾದರೂ ಪೆಟ್ಟಾದರೆ ಇರಲೆಂದು ಪ್ಯಾರಿಸ್ಸಿಗೆ ಕಾದಿರಿಸಿದ ಮೂವರಲ್ಲಿ ಅವರೊಬ್ಬರು. 2024ರ ಆಗಸ್ಟ್ 8ರಂದು ಭಾರತವು ಸ್ಪೇನನ್ನು 2-1ರಿಂದ ಗೆದ್ದು ಕಂಚಿನ ಪದಕವನ್ನು ಪಡೆಯಿತು. ನಾಯಕ ಹರ್ಮನ್‌ಪ್ರೀತ್ ಸಿಂಗರು ಆ ಕೂಟದಲ್ಲಿ ಹೊಡೆದ 10 ಗೋಲುಗಳು ಲೆಕ್ಕದ ಪುಸ್ತಕದಲ್ಲಿ ಶಾಶ್ವತವಾಗಿ ಉಳಿದಿವೆ. ಆದರೆ ಪೆನಾಲ್ಟಿ ಕಾರ್ನರಿನಲ್ಲಿ ಚೆಂಡನ್ನು ಕೋಲಿನಿಂದ ಎಳೆದು ಚಿಮ್ಮಿಸುವ ಆ ವಿದ್ಯೆಯು ಬರಿಯ ಬಲೆಯ ಮುಂದೆ ಪಕ್ವವಾಗತಕ್ಕುದಲ್ಲ. ಶಿಬಿರದಲ್ಲಿ ದಿನದಿನವೂ ಅಂಥ ಹೊಡೆತಗಳಿಗೆ ಮೈಯೊಡ್ಡುವ ರಕ್ಷಕರು ಇರುವುದರಿಂದಲೇ ಅದು ಹರಿತವಾಗುವುದು. ಅವರು ಅಲ್ಲಿ ತಡೆದ ಚೆಂಡುಗಳ ಲೆಕ್ಕವನ್ನು ಇಟ್ಟವರಿಲ್ಲ. ಕತ್ತಿಯ ಹೊಳಪನ್ನು ಹೊಗಳುವವರು ಸಾಣೆಕಲ್ಲನ್ನು ವಿಚಾರಿಸುವುದಿಲ್ಲ.

ಒಳಗಿನವನಿಗೂ ಹೊರಗಿನವನಿಗೂ ಇರುವ ಭೇದವು ಯೋಗ್ಯತೆಯ ಭೇದವೇ ಅಲ್ಲವೆ ಎಂದು ಯಾರಾದರೂ ಕೇಳಬಹುದು. ಟೋಕಿಯೋ ಕೂಟವೇ ಇದಕ್ಕೆ ಉತ್ತರವನ್ನು ಕೊಟ್ಟಿತು. ಸಿಮ್ರನ್‌ಜೀತ್ ಸಿಂಗರು ಮೊದಲು ಆರಿಸಿದ 16 ಮಂದಿಯಲ್ಲಿ ಇರಲಿಲ್ಲ. ಸಾಂಕ್ರಾಮಿಕದ ಕಾರಣದಿಂದ ನಿಯಮವನ್ನು ಸಡಿಲಿಸಿ, ಕಾದಿರಿಸಿದವರನ್ನೂ ಆಡಿಸಬಹುದೆಂದು ತೀರ್ಮಾನವಾದುದರಿಂದ ಅವರಿಗೆ ಬಾಗಿಲು ತೆರೆಯಿತು. 2021ರ ಆಗಸ್ಟ್ 5ರಂದು ಜರ್ಮನಿಯ ಎದುರು 1-3ರಿಂದ ಹಿಂದೆ ಬಿದ್ದಿದ್ದ ಭಾರತವು 5-4ರಿಂದ ಗೆದ್ದಿತು. 41 ವರ್ಷಗಳ ಬಳಿಕ ಬಂದ ಆ ಪದಕದ ಪಂದ್ಯದಲ್ಲಿ ಎರಡು ಗೋಲುಗಳು ಸಿಮ್ರನ್‌ಜೀತರವು. ಇತ್ತ ನಮ್ಮ ಸೋಮವಾರಪೇಟೆಯ ಎಸ್. ವಿ. ಸುನಿಲರು 2012, 2016ರ ಒಲಿಂಪಿಕ್ ಕೂಟಗಳಲ್ಲಿ ಆಡಿ ಬರಿಗೈಯಲ್ಲಿ ಬಂದವರು. ಪದಕ ದೊರೆತ ಕೂಟಕ್ಕೆ ಅವರ ಆಯ್ಕೆಯಾಗಲಿಲ್ಲ. ಅದೇ ವರ್ಷ ಅವರು ನಿವೃತ್ತರಾದರು. ಕಾಗದದ ಮೇಲಿನ ಒಂದು ಸಾಲು ಬದಲಾದರೆ ಒಬ್ಬನ ಇತಿಹಾಸವೇ ಬದಲಾಗುವಲ್ಲಿ, ಫಲವನ್ನು ನೋಡಿ ಮನುಷ್ಯನನ್ನು ಅಳೆಯುವುದು ವಿವೇಕವೆನಿಸದು.

ಹಿಮಗಡ್ಡೆಯ ಮೇಲೆ ಹಾಕಿ ಆಡುವ ಉತ್ತರ ಅಮೆರಿಕದಲ್ಲಿ ಈ ಕಾಯುವಿಕೆಯೇ ಒಂದು ವೃತ್ತಿಯಾಗಿದೆ. ಅಲ್ಲಿಯ ನ್ಯಾಷನಲ್ ಹಾಕಿ ಲೀಗಿನ ಕೆಳಗೆ, 1936ರಲ್ಲಿ ಹುಟ್ಟಿದ ಅಮೆರಿಕನ್ ಹಾಕಿ ಲೀಗ್ ಎಂಬ ಎರಡನೆಯ ಮೆಟ್ಟಿಲಿದೆ. ಅದರ ಕೆಳಗೆ ಇನ್ನೂ ಮೆಟ್ಟಿಲುಗಳಿವೆ. ಮೇಲಿನವನಿಗೆ ಪೆಟ್ಟಾದಾಗ ಕೆಳಗಿನವನಿಗೆ ಕರೆ ಬರುವುದು. ಪೆಟ್ಟು ಮಾಯ್ದೊಡನೆ ಅವನು ಮರಳಬೇಕು. ಜಾನಿ ಬೋವರ್ ಎಂಬ ಗೋಲು ರಕ್ಷಕನು ಹತ್ತು ವರ್ಷಗಳಿಗೂ ಮೀರಿ ಬಹುಪಾಲು ಎರಡನೆಯ ಮೆಟ್ಟಿಲಿನಲ್ಲಿಯೇ ಆಡಿ, 33ನೆಯ ವಯಸ್ಸಿನಲ್ಲಿ, 1958ರಲ್ಲಿ, ಟೊರಾಂಟೋ ತಂಡವನ್ನು ಸೇರಿ, ಅದರೊಡನೆ ನಾಲ್ಕು ಬಾರಿ ಸ್ಟಾನ್ಲಿ ಕಪ್ಪನ್ನು ಗೆದ್ದನು. ಇದನ್ನು ತಾಳಿದವನು ಬಾಳಿಯಾನೆಂಬುದಕ್ಕೆ ದೃಷ್ಟಾಂತವಾಗಿ ಹೇಳುವುದುಂಟು. ಆದರೆ ತಾಳಿಯೂ ಮೇಲೇರದವರು ಅದೆಷ್ಟೋ ಮಂದಿ. ಪ್ರಶ್ನೆ ಇರುವುದು ಅವರ ವಿಷಯದಲ್ಲಿ.

ಇಂಥವರಿಗೆ ನಮ್ಮಲ್ಲಿ ಸಿದ್ಧವಾದ ಒಂದು ಸಮಾಧಾನವುಂಟು: ಕೆಲಸ ನಿನ್ನದು, ಫಲ ನಿನ್ನದಲ್ಲ ಎಂಬ ಗೀತೆಯ ಉಪದೇಶ. ಅದು ಸತ್ಯವೇ. ಬೆಳಗಿನ ಚಳಿಯಲ್ಲಿ ಎದ್ದು, ತನಗೆ ಸಿಕ್ಕೀತೋ ಇಲ್ಲವೋ ತಿಳಿಯದ ಪಂದ್ಯಕ್ಕಾಗಿ ಮೈ ದಂಡಿಸುವವನನ್ನು ಬೇರಾವ ತತ್ತ್ವವೂ ಎತ್ತಿಹಿಡಿಯಲಾರದು. ಆದರೆ ಆ ಉಪದೇಶವು ಅರ್ಜುನನು ತನ್ನ ಮನಸ್ಸನ್ನು ತಿದ್ದಿಕೊಳ್ಳಲೆಂದು ಹೇಳಿದುದು. ಒಬ್ಬನು ದುಡಿದುದರ ಫಲವನ್ನು ಇನ್ನೊಬ್ಬನು ತಡೆಹಿಡಿಯಲೆಂದು ಹೇಳಿದುದಲ್ಲ. ನಿಷ್ಕಾಮವು ಮನುಷ್ಯನು ತನಗೆ ತಾನೇ ವಿಧಿಸಿಕೊಳ್ಳತಕ್ಕ ವ್ರತ. ಉಂಡವನು ಹಸಿದವನಿಗೆ ಉಪವಾಸದ ಮಹಿಮೆಯನ್ನು ಬೋಧಿಸಿದರೆ, ಮಾತು ಶಾಸ್ತ್ರದ್ದಾದರೂ ನಡತೆ ಅಧರ್ಮದ್ದು.

ಇಲ್ಲಿಯೇ ಕಾಯಕದ ತತ್ತ್ವವು ನೆರವಿಗೆ ಬರುವುದು. ಶರಣರು ಕೆಲಸದಲ್ಲಿ ಮೇಲುಕೀಳನ್ನು ಒಪ್ಪಲಿಲ್ಲ. ಸತ್ಯಶುದ್ಧವಾಗಿ ದುಡಿ, ನ್ಯಾಯವಾಗಿ ಬಂದುದನ್ನು ಸ್ವೀಕರಿಸು, ಮಿಕ್ಕುದನ್ನು ದಾಸೋಹಕ್ಕೆ ಸಲ್ಲಿಸು ಎಂಬುದು ಅವರ ನಿಲುವು. ಗೀತೆಯು ದುಡಿಯುವವನಿಗೆ ಮನಸ್ಸಿನ ಶಾಂತಿಯನ್ನು ಕಲಿಸಿತಾದರೆ, ಕಾಯಕತತ್ತ್ವವು ದುಡಿಮೆಯನ್ನು ಮನ್ನಿಸತಕ್ಕ ಕರ್ತವ್ಯವನ್ನು ಸಮಾಜಕ್ಕೆ ನೆನಪಿಸಿತು. ಎರಡೂ ಕೂಡಿದರೇ ಧರ್ಮವು ಪೂರ್ಣವಾಗುವುದು.

ಈ ಕರ್ತವ್ಯವು ಬರಿಯ ಮಾತಿನದಲ್ಲ. 2017ರ ಬಳಿಕ ನಿಂತುಹೋಗಿದ್ದ ಹಾಕಿ ಇಂಡಿಯಾ ಲೀಗ್ 2024ರ ಕೊನೆಯಲ್ಲಿ ಮತ್ತೆ ಆರಂಭವಾದಾಗ, ಹರಾಜಿನ ಮೂಲಬೆಲೆಗಳು 2, 5, 10 ಲಕ್ಷ ರೂಪಾಯಿಗಳೆಂದು ಗೊತ್ತಾದುವು. ಹರ್ಮನ್‌ಪ್ರೀತರಿಗೆ 78 ಲಕ್ಷ ದೊರೆಯಿತು. ಶ್ರೇಷ್ಠನಿಗೆ ಹೆಚ್ಚು ಸಲ್ಲುವುದರಲ್ಲಿ ಆಕ್ಷೇಪಣೆಯಿಲ್ಲ. ಕೆಳಗಿನವನಿಗೆ ಆಟ ಮುಗಿದ ಮೇಲೆಯೂ ಬದುಕು ಉಳಿಯುವುದೆ ಎಂಬುದೇ ವಿಚಾರ. ರೈಲ್ವೆ, ಬ್ಯಾಂಕು, ಸರ್ಕಾರಿ ಕಾರ್ಖಾನೆಗಳು ಆಟಗಾರರಿಗೆ ಉದ್ಯೋಗವನ್ನಿತ್ತು ತಂಡಗಳನ್ನು ಕಟ್ಟಿದ ಪದ್ಧತಿಯು ಈ ಪ್ರಶ್ನೆಗೆ ಒಂದು ಗೌರವದ ಉತ್ತರವಾಗಿದ್ದಿತು. ಎರಡನೆಯ ಸಾಲಿನವನೂ ಸಂಬಳದ ದಿನ ತಲೆಯೆತ್ತಿ ಮನೆಗೆ ಹೋಗುತ್ತಿದ್ದನು. ಅಂಥ ಆಸರೆ ಕಡಿಮೆಯಾದಷ್ಟೂ ಆಟವು ಜೂಜಿಗೆ ಸಮೀಪವಾಗುವುದು.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಮನೆಗಳಲ್ಲಿ ಮಗುವೊಂದು ಹಾಕಿಯ ಕೋಲನ್ನು ಬೇಡಿದಾಗ, ಆಟದಿಂದ ಹೊಟ್ಟೆ ತುಂಬೀತೆ ಎಂದು ಹಿರಿಯರು ಕೇಳುವರು. ಆ ಕೇಳ್ವಿಕೆಯಲ್ಲಿ ಅರಸಿಕತೆಯಿಲ್ಲ. ಕರೆ ಬಾರದವನ ಗತಿಯೇನೆಂಬ ಭೀತಿಯಿದೆ. ಆ ಭೀತಿಯನ್ನು ಕಳೆಯದೆ ಪದಕಗಳಿಗಾಗಿ ಮಾತ್ರ ಹಾರೈಸುವ ಸಮಾಜವು, ಬೇರಿಗೆ ನೀರೆರೆಯದೆ ಹಣ್ಣನ್ನು ಬಯಸಿದಂತೆ.

ಶ್ರೀಜೇಶರ ನಿವೃತ್ತಿಯ ತರುವಾಯ, 2024ರ ಸೆಪ್ಟೆಂಬರಿನಲ್ಲಿ ಚೀನದಲ್ಲಿ ನಡೆದ ಏಷ್ಯನ್ ಚಾಂಪಿಯನ್ಸ್ ಟ್ರೋಫಿಯಲ್ಲಿ ಪಾಠಕರು ಗೋಲಿನ ಮುಂದೆ ನಿಂತರು, ಭಾರತವೇ ಗೆದ್ದಿತು. ಇದು ಸಂತೋಷದ ಸಂಗತಿ. ಆದರೆ ಆ ಅವಕಾಶವು ಬಾರದೆ ಹೋಗಿದ್ದರೂ ಹಿಂದಿನ ಆರು ವರ್ಷಗಳ ಅವರ ದುಡಿಮೆಯ ಬೆಲೆ ಒಂದು ಗುಲಗಂಜಿಯಷ್ಟೂ ಕುಗ್ಗುತ್ತಿರಲಿಲ್ಲ. ಅದನ್ನು ನೆನಪಿನಲ್ಲಿಟ್ಟುಕೊಳ್ಳುವ ಹೊಣೆ ಕಾದಿದ್ದವನದಲ್ಲ, ನೋಡುತ್ತಿದ್ದವರದು.