ಒದರಿದರೆ ಯಾರಿಗೆ ಕೇಳುತ್ತದೆ?

ಆಸ್ಟ್ರೇಲಿಯಾದಲ್ಲಿರುವ ನನ್ನ ತಮ್ಮನ ಮಗನಿಗೆ ಸ್ಕೂಬಾ ಡೈವಿಂಗ್ ಹುಚ್ಚು. ನಮ್ಮೂರು ಕಣಗಲಾದಲ್ಲಿ ಹುಟ್ಟಿದವನಿಗೆ ಕಡಲಿನ ನಂಟು ಎಲ್ಲಿಂದ ಅಂಟಿತೋ ತಿಳಿಯದು. ನಮ್ಮೂರಿನವರು ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕು. ಮೊನ್ನೆ ವಿಡಿಯೊ ಕಾಲ್ ಮಾಡಿದಾಗ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದೊಂದು ಹಳದಿ ಯಂತ್ರ ತೋರಿಸಿದ. ಪರ್ಸನಲ್ ಲೊಕೇಟರ್ ಬೀಕನ್, ಆಪತ್ತಿನಲ್ಲಿ ಸಹಾಯಕ್ಕೆ ಕೂಗುವ ಸಾಧನ. ಅಲ್ಲಿನ ಕಡಲ ಸುರಕ್ಷತಾ ಪ್ರಾಧಿಕಾರದಲ್ಲಿ ಅದನ್ನು ನೋಂದಾಯಿಸಬೇಕು. ತುರ್ತು ಸಂದರ್ಭದಲ್ಲಿ ಯಾರಿಗೆ ಫೋನ್ ಮಾಡಬೇಕೆಂದೂ ಬರೆಸಬೇಕು. ಮೊದಲು ಹೆಂಡತಿಯ ನಂಬರ್ ಕೊಟ್ಟು, ಆಮೇಲೆ ನನ್ನದು ಕೊಟ್ಟಿದ್ದಾನೆ.

ಅವ್ವ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಅವಳು ಕೇಳಿದ್ದು ಎರಡೇ ಮಾತು. ಮೊದಲನೆಯದು, ‘ಅದು ಒದರಿದ್ರ ಯಾರಿಗೆ ಕೇಳತೈತಿ?’ ಎರಡನೆಯದು, ‘ನಂಬಿಗಿ ಇದ್ದಾಂವಗ ಇದರದೇನ್ ಕೆಲಸ?’

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ನನಗೆ ಮೊದಲನೆಯದಕ್ಕೆ ಉತ್ತರ ಹೇಳುವುದು ಕಷ್ಟವಾಗಲಿಲ್ಲ. ನೀರಿನಡಿ ಮುಳುಗಿದವನು ಮೇಲೆ ಬರುವಷ್ಟರಲ್ಲಿ ಸೆಳೆತ ಅವನನ್ನು ದೋಣಿಯಿಂದ ದೂರ ಒಯ್ದಿರಬಹುದು. ಅಲೆಗಳ ನಡುವೆ ಮನುಷ್ಯನ ತಲೆ ಎಂದರೆ ತೇಲುವ ತೆಂಗಿನಕಾಯಿಯಷ್ಟೇ. ದೋಣಿಯವರ ಕಣ್ಣಿಗೆ ಬೀಳುವುದಿಲ್ಲ, ಕೂಗಿದರೆ ಗಾಳಿಯಲ್ಲಿ ಕೇಳುವುದೂ ಇಲ್ಲ. ಆಗ ಆಂಟೆನಾ ಬಿಚ್ಚಿ, ಆಕಾಶದ ಕಡೆಗೆ ಹಿಡಿದು, ಗುಂಡಿ ಒತ್ತಬೇಕು. ಉಪ್ಪುನೀರು ರೇಡಿಯೊ ಅಲೆಯನ್ನು ನುಂಗಿಬಿಡುವುದರಿಂದ ನೀರಿನೊಳಗಿದ್ದಷ್ಟು ಹೊತ್ತು ಯಂತ್ರ ಮೂಕವೇ. ಮೇಲೆ ಬಂದ ಮೇಲೆ 406 ಮೆಗಾಹರ್ಟ್ಸ್‌ನಲ್ಲಿ ಸುಮಾರು 50 ಸೆಕೆಂಡಿಗೊಮ್ಮೆ, ಅರ್ಧ ಸೆಕೆಂಡಿನಷ್ಟು ಹೊತ್ತು ತನ್ನ ಗುರುತಿನ ಸಂಖ್ಯೆಯನ್ನು ಉಪಗ್ರಹಗಳಿಗೆ ಸಾರುತ್ತದೆ. ಜಿಪಿಎಸ್ ಇದ್ದರೆ ತಾನಿರುವ ಜಾಗವನ್ನೂ ಹೇಳುತ್ತದೆ. ಬ್ಯಾಟರಿ ಕನಿಷ್ಠ 24 ಗಂಟೆ ತಾಳಬೇಕೆಂಬ ನಿಯಮವಿದೆ. ಇನ್ನೊಂದು ಬಗೆಯ ಬೀಕನ್ ಉಪಗ್ರಹದ ಗೊಡವೆಗೇ ಹೋಗದೆ, ಸುತ್ತಮುತ್ತಲ ಹಡಗುಗಳ ಪರದೆಯ ಮೇಲೆ ನೇರವಾಗಿ ಚುಕ್ಕೆಯಾಗಿ ಮೂಡುತ್ತದೆ. ಅದರ ದನಿ ಕೆಲವೇ ಮೈಲಿ ಮುಟ್ಟುತ್ತದೆ.

ಕೇಳುವವರ ಕತೆ ಇನ್ನೂ ದೊಡ್ಡದು. ಈ ಉಪಗ್ರಹ ವ್ಯವಸ್ಥೆಯ ಹೆಸರು ಕೋಸ್ಪಾಸ್-ಸಾರ್ಸಾಟ್. 1979ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡಾ, ಫ್ರಾನ್ಸ್ ಸೇರಿ ಒಪ್ಪಂದ ಮಾಡಿಕೊಂಡವು. ಒಬ್ಬರ ಕಡೆಗೊಬ್ಬರು ಅಣ್ವಸ್ತ್ರ ತಿರುಗಿಸಿಟ್ಟುಕೊಂಡಿದ್ದ ಕಾಲವದು. 1982ರ ಸೆಪ್ಟೆಂಬರಿನಲ್ಲಿ ಕೆನಡಾದಲ್ಲಿ ಬಿದ್ದ ಸಣ್ಣ ವಿಮಾನವೊಂದರ ಮೂವರನ್ನು ಮೊಟ್ಟಮೊದಲು ಪತ್ತೆಹಚ್ಚಿದ್ದು ಸೋವಿಯತ್ ಉಪಗ್ರಹ. ಭಾರತದ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ, ಇಸ್ರೊದ ಇಸ್ಟ್ರಾಕ್‌ನಲ್ಲಿ. ಶ್ರೀಲಂಕಾ, ಮಾಲ್ಡೀವ್ಸ್, ಸೀಶೆಲ್ಸ್, ತಾಂಜಾನಿಯಾದ ಸುತ್ತಲಿಂದ ಬರುವ ಕರೆಯನ್ನೂ ಅಲ್ಲಿ ಕೇಳಿಸಿಕೊಳ್ಳುತ್ತಾರೆ. ಕರೆ ಬಂದರೆ ಕೋಸ್ಟ್‌ಗಾರ್ಡ್‌ಗೆ ತಿಳಿಸುತ್ತಾರೆ. ಕೇಳಿಸಿಕೊಂಡದ್ದಕ್ಕೆ ಯಾರಿಂದಲೂ ಹಣ ಪಡೆಯುವುದಿಲ್ಲ.

ಇಷ್ಟು ಹೇಳಿದ ಮೇಲೂ ಅವ್ವನ ಎರಡನೆಯ ಮಾತು ಉಳಿಯಿತು. ಅವಳು ದಿನಾ ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವವಳು. ಅಷ್ಟು ಹತ್ತಿರ ಇರುವ ದೇವರಿಗೆ ಒದರಿ ಹೇಳುವ ಅಗತ್ಯವೇ ಇಲ್ಲ ಎನ್ನುವುದು ಅವಳ ನಿಲುವು. ನನಗೂ ಅದು ನಿಜವೆನಿಸುತ್ತದೆ. ಆದರೆ ನಿಜವಾಗಿರುವುದರಿಂದಲೇ ಈ ಯಂತ್ರ ಬೇಕು ಎಂಬ ಕಡೆಗೆ ನನ್ನ ಯೋಚನೆ ಹೊರಳುತ್ತದೆ. ದೇವರಿಗೆ ಕೇಳಿಸಲಿ ಎಂದು ಯಾರೂ ಬೀಕನ್ ಮಾಡಲಿಲ್ಲ. ಕಿವುಡರು ನಾವು. ಹತ್ತು ಮಾರು ಆಚೆ ಮುಳುಗುತ್ತಿರುವವನ ಸದ್ದು ನಮಗೆ ಕೇಳುವುದಿಲ್ಲ. ದೇವರ ಕಿವಿಯ ಮೇಲಿನ ನಂಬಿಕೆಗೂ ನಮ್ಮ ಕಿವಿ ತೆರೆಸುವ ಯಂತ್ರಕ್ಕೂ ಜಗಳ ಯಾಕೆ ಹಚ್ಚಬೇಕು?

ಮೊಸಳೆಗೆ ಸಿಕ್ಕ ಆನೆ ವಿಷ್ಣುವಿಗೆ ಮೊರೆಯಿಡುವ ಗಜೇಂದ್ರಮೋಕ್ಷದ ಕಥೆಯನ್ನು ಶಿವಭಕ್ತರಾದ ನಮ್ಮ ಮನೆಯಲ್ಲೂ ಕೇಳುತ್ತಲೇ ಬೆಳೆದೆವು. ಕೀರ್ತನಕಾರರು ಆನೆಯ ಮೊರೆಯನ್ನು ಎಳೆದೆಳೆದು ಹಾಡುತ್ತಿದ್ದರು, ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಶರಣಾಗತಿ ಎಂದರೆ ಹೀಗೆ ಎಂದು ಅಲ್ಲಿಗೆ ಮುಗಿಸುತ್ತಿದ್ದರು. ಭಾಗವತದ ಎಂಟನೆಯ ಸ್ಕಂಧವನ್ನು ಮುಂದೆ ನಾನೇ ಓದಿದಾಗ ಬೇರೆ ಎರಡು ಸಂಗತಿ ಕಣ್ಣಿಗೆ ಬಿದ್ದವು. ಆನೆ ಮೊಸಳೆಯೊಂದಿಗೆ ಸಾವಿರ ವರ್ಷ ಸೆಣಸಾಡುತ್ತದೆ. ಉಳಿದ ಆನೆಗಳು ಎಳೆದು ನೋಡಿ ಸೋಲುತ್ತವೆ. ಪ್ರಯತ್ನ ಬಿಟ್ಟು ಪ್ರಾರ್ಥನೆಗೆ ಕುಳಿತ ಕಥೆ ಇದಲ್ಲ. ಇನ್ನೊಂದು, ಬಂದವನ ಅವಸರ. ವಿಷ್ಣು ಗರುಡನ ಮೇಲೆ ಬಂದು, ತಟ್ಟನೆ ಕೆಳಗಿಳಿದು, ಆನೆಯನ್ನೂ ಅದರ ಕಾಲು ಕಚ್ಚಿಕೊಂಡಿದ್ದ ಮೊಸಳೆಯನ್ನೂ ಕೂಡಿಯೇ ಸರೋವರದಿಂದ ಎಳೆದು ತೆಗೆಯುತ್ತಾನೆ. ಆ ಮೊಸಳೆ ಶಾಪಗ್ರಸ್ತ ಗಂಧರ್ವ, ಅದಕ್ಕೂ ಬಿಡುಗಡೆ ಆಗುತ್ತದೆ. ಕೂಗಿದವನ ಭಕ್ತಿಯನ್ನು ಹೊಗಳುವ ಭರದಲ್ಲಿ ಓಡಿ ಬಂದವನ ನಡತೆಯನ್ನು ನಾವು ಮರೆತೆವು. ಭಕ್ತನಾದವನು ಅನುಕರಿಸಬೇಕಾದದ್ದು ಆನೆಯನ್ನು ಮಾತ್ರವೇ? ಕರೆದವರು ಯಾರು, ಯಾವ ದೇಶದವರು, ಒಳ್ಳೆಯವರೋ ಕೆಟ್ಟವರೋ ಎಂದು ವಿಚಾರಿಸುತ್ತ ಕೂಡದೆ ಎದ್ದು ಹೋಗುವ ಆ ನಡತೆಯ ಒಂದು ಪಾಲು ಉಪಗ್ರಹದ ಪರದೆಯ ಮುಂದೆ ರಾತ್ರಿ ಪಾಳಿಯಲ್ಲಿ ಕುಳಿತವರಲ್ಲಿದೆ ಎಂದರೆ ನನ್ನ ಮಾತು ಅತಿಯಾಗಲಿಕ್ಕಿಲ್ಲ.

ಆದರೆ ಕರೆ ಮುಟ್ಟದೇ ಹೋದರೆ?

2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ‘ಸುವರ್ಣ ತ್ರಿಭುಜ’ ಎಂಬ ಮೀನುಗಾರಿಕಾ ಬೋಟು ಏಳು ಮಂದಿಯೊಂದಿಗೆ ಹೊರಟಿತು. ಉಡುಪಿ ಜಿಲ್ಲೆಯ ಇಬ್ಬರು, ಉತ್ತರ ಕನ್ನಡದ ಐವರು. ಡಿಸೆಂಬರ್ 15ರ ನಂತರ ಅವರ ಸುದ್ದಿಯೇ ಇಲ್ಲ. ಜನವರಿಯಲ್ಲಿ ಸಾವಿರಾರು ಮೀನುಗಾರರು ಹೆದ್ದಾರಿಗಿಳಿದು ಅವರನ್ನು ಹುಡುಕಿಕೊಡಿ ಎಂದು ಕೇಳಿದರು. 2019ರ ಮೇ ತಿಂಗಳ ಮೊದಲಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, ಕಡಲ ತಳದಲ್ಲಿ ಬೋಟಿನ ಅವಶೇಷ ಕಂಡುಹಿಡಿಯಿತು. ಆ ನಾಲ್ಕೂವರೆ ತಿಂಗಳು ಏಳು ಮನೆಗಳಲ್ಲಿ ಎಷ್ಟು ಹರಕೆ ಹೊತ್ತಿರಬಹುದು, ಎಷ್ಟು ದೀಪ ಹಚ್ಚಿರಬಹುದು. ಕರಾವಳಿಯ ಮೀನುಗಾರರು ಕಡಲ ಕಾವಲಿಗೆಂದೇ ಬೊಬ್ಬರ್ಯ ದೈವವನ್ನು ನಂಬಿಕೊಂಡು ಬಂದ ಜನ. ಅವರ ಭಕ್ತಿ ಗಜೇಂದ್ರನಿಗಿಂತ ಕಡಿಮೆ ಇತ್ತೆಂದು ಯಾವ ಬಾಯಿಂದ ಹೇಳುವುದು?

ಪುಣ್ಯ ಸಾಲಲಿಲ್ಲ, ಕರ್ಮ ಕಾಡಿತು ಎನ್ನುವವರನ್ನು ನಮ್ಮೂರಲ್ಲೂ ಕಂಡಿದ್ದೇನೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕಕ್ಕೆ ನುಗ್ಗಿದಾಗ, ಯಮಗರ್ಣಿಯ ಹತ್ತಿರ ವೇದಗಂಗೆ ಏರಿ ನಮ್ಮ ಹೆದ್ದಾರಿಯೇ ಬಂದ್ ಆದಾಗ, ಮನೆ ಕಳೆದುಕೊಂಡವರ ಎದುರೇ ಇಂಥ ಮಾತು ಆಡಿದವರಿದ್ದರು. ಆ ಮಾತಿಗೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಉತ್ತರ ಸಿಗದ ಕರೆ ಕರೆದವನ ಯೋಗ್ಯತೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೇಳಬೇಕಾದವರ ಬಗ್ಗೆ ಮಾತ್ರ ಹೇಳಬಲ್ಲದು. 1998ರ ಜನವರಿ 25ರಂದು ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಡೈವಿಂಗ್ ದೋಣಿಯೊಂದು ಅಮೆರಿಕದ ದಂಪತಿಯನ್ನು ನೀರಿನಲ್ಲೇ ಬಿಟ್ಟು ದಡಕ್ಕೆ ಬಂತು. ತಲೆ ಎಣಿಸಿದ್ದು ತಪ್ಪಿತ್ತು. ಅವರು ಬಂದಿಲ್ಲವೆಂದು ಗೊತ್ತಾಗಲು ಎರಡು ದಿನ ಬೇಕಾಯಿತು. ಅವರು ಸಿಗಲೇ ಇಲ್ಲ. ಅಲ್ಲಿ ಕಾಣುವುದು ಯಾರ ಪೂರ್ವಜನ್ಮವೂ ಅಲ್ಲ, ದೋಣಿ ಹೊರಡುವ ಮುಂಚೆ ಯಾರೋ ಸರಿಯಾಗಿ ಮಾಡದೇ ಹೋದ ಎಣಿಕೆ.

ಇತ್ತೀಚಿನ ಬೀಕನ್‌ಗಳಲ್ಲಿ ಹೊಸ ಸೌಲಭ್ಯವೊಂದು ಸೇರಿದೆ. ಯುರೋಪಿನ ಗೆಲಿಲಿಯೊ ಉಪಗ್ರಹಗಳು 2020ರಿಂದ ಕರೆದವನಿಗೆ ಮರುಸಂದೇಶ ಕಳಿಸುತ್ತಿವೆ. ಅದಕ್ಕೆ ಹೊಂದುವ ಬೀಕನ್ನಿನಲ್ಲಿ ಒಂದು ದೀಪ ಮಿನುಗುತ್ತದೆ: ನಿನ್ನ ಕರೆ ಮುಟ್ಟಿತು. ಇಸ್ರೊ 2010ರಿಂದ ಮೀನುಗಾರಿಕಾ ಬೋಟುಗಳಿಗೆ ಕೊಡುತ್ತ ಬಂದ ಡಿಸ್ಟ್ರೆಸ್ ಅಲರ್ಟ್ ಟ್ರಾನ್ಸ್‌ಮಿಟರ್ ಹಿಂದೆ ಒಮ್ಮುಖವಾಗಿತ್ತು. ಎರಡನೆಯ ತಲೆಮಾರಿನ ಯಂತ್ರದಲ್ಲಿ ಬೋಟಿನವರಿಗೆ ಉತ್ತರವೂ ಬರುತ್ತದೆ. ಹಡಗು ಬಂದೇ ಬರುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಕೇಳಿಸಿತು ಎಂಬಷ್ಟೇ ಇದೆ. ಆದರೂ ಕತ್ತಲ ಕಡಲಲ್ಲಿ ಕೈಕಾಲು ಸೋತವನು ಇನ್ನೊಂದು ಗಂಟೆ ತೇಲಿಕೊಂಡಿರಲು ಅಷ್ಟು ಸಾಕಾಗಬಹುದು. ಅವ್ವನ ಬೆಳಗಿನ ಪೂಜೆಯಲ್ಲಿ ನಾನು ಕಾಣುವುದೂ ಇದನ್ನೇ. ಅವಳು ಬೇಡಿದ್ದರಲ್ಲಿ ಎಷ್ಟೋ ಕೈಗೂಡಲಿಲ್ಲ. ಅಪ್ಪ ಉಳಿಯಲಿಲ್ಲ, ಹೊಲ ಉಳಿಯಲಿಲ್ಲ. ಆದರೂ ಲಿಂಗ ಕೈಗೆತ್ತಿಕೊಂಡಾಗ ತನ್ನ ಮಾತು ಮುಟ್ಟುತ್ತದೆ ಎಂಬುದರಲ್ಲಿ ಅವಳಿಗೆ ಸಂಶಯವಿಲ್ಲ. ಆ ಬಲದಿಂದಲೇ ಅವಳು ಇಷ್ಟು ವರ್ಷ ದುಡಿದಳು, ನಮ್ಮನ್ನು ಸಾಕಿದಳು.

ಅವಳ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದು: ನಂಬಿಕೆ ಇದ್ದವನು ಬೀಕನ್ ಒಯ್ಯಲಿ, ದೋಣಿಯವರು ನೀರಿಗಿಳಿದವರ ತಲೆಗಳನ್ನು ಎರಡು ಸಲ ಎಣಿಸಲಿ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗುವ ಮಕ್ಕಳಿರಲಿ, ಮಲ್ಪೆಯಿಂದ ಹೊರಡುವ ಬೋಟಿರಲಿ, ಒದರಿದರೆ ಕೇಳುವ ಯಂತ್ರವಿಲ್ಲದೆ ಯಾರೂ ಕಡಲಿಗೆ ಇಳಿಯದ ಹಾಗೆ ನೋಡಿಕೊಳ್ಳುವುದನ್ನು ನಾನು ಪೂಜೆಯ ಭಾಗವೆಂದೇ ಎಣಿಸುತ್ತೇನೆ. ಅವ್ವ ಪೂರ್ತಿ ಒಪ್ಪಲಿಲ್ಲ. ‘ಕೇಳಾಂವ ಅಂವನ, ನೀವು ಬರೇ ಕಿವಿ’ ಅಂದಳು. ಅದಕ್ಕೆ ನನ್ನ ತಕರಾರಿಲ್ಲ.