ದೇಶ ಸುತ್ತು, ಕೋಶ ಓದು

ಈ ಗಾದೆಯನ್ನು ನಾವು ನಮಗೆ ಬೇಕಾದ ಹಾಗೆ ತುಂಡು ಮಾಡಿಕೊಂಡಿದ್ದೇವೆ. ತಿರುಗಾಟ ಇಷ್ಟಪಡುವವರು ಮೊದಲರ್ಧ ಹಿಡಿದರು, ಪುಸ್ತಕದ ಹುಳುಗಳು ಉಳಿದರ್ಧ ಹಿಡಿದರು. ಎರಡರಲ್ಲಿ ಒಂದು ಮಾಡಿದರೆ ಸಾಕು ಎಂದು ಗಾದೆ ಹೇಳುತ್ತಿಲ್ಲ. ಓದದೆ ಸುತ್ತಿದವನಿಗೆ ಎದುರಿಗಿದ್ದದ್ದೂ ಕಾಣುವುದಿಲ್ಲ, ಸುತ್ತದೆ ಓದಿದವನಿಗೆ ಓದಿದ್ದು ನೆಲಕ್ಕೆ ಇಳಿಯುವುದಿಲ್ಲ.

ನಮ್ಮ ಎಷ್ಟೋ ಊರುಗಳಲ್ಲಿ ಗುಡಿಯ ಹಿಂದೆಯೋ ಕೆರೆ ಏರಿಯ ಮೇಲೋ ಒಂದು ವೀರಗಲ್ಲು ಇರುತ್ತದೆ. ಎಣ್ಣೆ ಸುರಿದು ಸುರಿದು ಕಪ್ಪಾಗಿರುತ್ತದೆ, ಮೇಲೆ ಅರಿಶಿನ ಕುಂಕುಮ. ಬಹಳ ಜನ ಕೈಮುಗಿದು ಮುಂದೆ ಹೋಗುತ್ತಾರೆ. ಸ್ವಲ್ಪ ಓದಿಕೊಂಡವನು ಮಾತ್ರ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕೆಳಗಿನಿಂದ ಮೇಲಕ್ಕೆ ನೋಡುತ್ತಾನೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಪಕ್ಕದಲ್ಲಿ ದನಗಳ ಸಾಲಿದ್ದರೆ ಆತ ತುರುಗಳನ್ನು ಉಳಿಸಲು ಹೋಗಿ ಸತ್ತವನು. ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಿದ್ದಾರೆ. ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ: ಅವರಿರುವ ತನಕ ಇವನ ಹೆಸರೂ ಇರಲಿ ಎಂದು. ಇಷ್ಟು ತಿಳಿದ ಮೇಲೆ ಆ ಊರು ಮೊದಲಿನ ಊರಾಗಿ ಉಳಿಯುವುದಿಲ್ಲ.

ಸುತ್ತಾಟ, ಓದು ಎರಡನ್ನೂ ಕೂಡಿಸಿಕೊಂಡವರಲ್ಲಿ ಶಾಸನ ಸಂಗ್ರಾಹಕ ಬಿ.ಎಲ್. ರೈಸ್ ಒಬ್ಬರು. ಅವರು ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲೇ. ಶಾಲೆಗಳ ತಪಾಸಣೆಗೆಂದು ಮೈಸೂರು ಸೀಮೆ ಸುತ್ತುವಾಗ ಊರೂರಿನ ಶಾಸನಗಳು ಅವರ ಕಣ್ಣಿಗೆ ಬಿದ್ದವು. ಹಳಗನ್ನಡದ ಓದು ಜೊತೆಗಿದ್ದುದರಿಂದ ಅವು ಅವರ ಪಾಲಿಗೆ ಬರೀ ಕಲ್ಲುಗಳಾಗಲಿಲ್ಲ. ಅವರು ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಲ್ಲಿ ಸುಮಾರು 9 ಸಾವಿರ ಶಾಸನಗಳು ಅಚ್ಚಾದವು. ಮುಂದೆ 1936ರಲ್ಲಿ ಪುರಾತತ್ತ್ವಜ್ಞ ಎಂ.ಎಚ್. ಕೃಷ್ಣ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಗುರುತಿಸಿದರು. ಸುಮಾರು ಕ್ರಿ.ಶ. 450ರ ಕಲ್ಲು ಅದು. ಅದರ ಬೆಲೆ ತಿಳಿಯಬೇಕಾದರೆ ಅಕ್ಷರ ಬಲ್ಲವನು ಆ ಊರಿಗೇ ಹೋಗಬೇಕಿತ್ತು.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಇಂಥವನು ಕೆರೆ ಕಟ್ಟಿಸಿದ, ಗದ್ದೆ ದಾನ ಕೊಟ್ಟ ಎಂದು ಸಂಪುಟದಲ್ಲಿ ಓದಿ ಮುಗಿಸಬಹುದು. ಆ ಕೆರೆಯ ತೂಬು ಎಲ್ಲಿದೆ, ಕೋಡಿ ಯಾವ ಕಡೆ ಬೀಳುತ್ತದೆ, ಯಾವ ಬಯಲಿಗೆ ಈಗಲೂ ನೀರು ಹರಿಯುತ್ತದೆ ಎಂದು ತೋರಿಸುವವನು ಅಲ್ಲಿನ ರೈತ. ಅವನ ಹಿಂದೆ ಬದುವಿನ ಮೇಲೆ ನಡೆದರೆ ದಾನಶಾಸನ ಒಂದು ಊರಿನ ಅನ್ನದ ಲೆಕ್ಕವೆಂದು ಅರ್ಥವಾಗುತ್ತದೆ. ಓದನ್ನು ತಿದ್ದುವ, ತುಂಬಿಕೊಡುವ ಈ ಕೆಲಸಕ್ಕೆ ಗ್ರಂಥಾಲಯ ಸಾಲದು.

ದೇಶ ಸುತ್ತುವುದೆಂದರೆ ದೂರ ಹೋಗುವುದೆಂದು ಯಾರು ಹೇಳಿದರೋ! ನಮ್ಮದೇ ತಾಲ್ಲೂಕನ್ನು ನಾವು ನೋಡಿಲ್ಲ. ರೈಸ್ ಅವರ ಹಳೆಯ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ಪ್ರಕಟಿಸಿದೆ. ಶಾಸನಗಳು ತಾಲ್ಲೂಕುವಾರು ಜೋಡಣೆಯಾಗಿವೆ. ಈ ಸಲ ಜಾತ್ರೆಗೆ ಊರಿಗೆ ಹೋಗುವ ಮೊದಲು ನಿಮ್ಮ ತಾಲ್ಲೂಕಿನ ಪುಟಗಳನ್ನು ಒಮ್ಮೆ ಓದಿ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಓದಿದ ಶಾಸನದ ಕಲ್ಲನ್ನು ಹುಡುಕಿ.