ಹುಟ್ಟುಗುಣ ಸುಟ್ಟರೂ ಹೋಗದೇ?

ಊರಿನ ಪುಂಡನೊಬ್ಬ ಪಾಪನಿವೇದನೆ ಮಾಡಿ ಒಳ್ಳೆಯವನಾಗಿದ್ದಾನೆ ಎಂದು ಯಾರಾದರೂ ಬಂದು ಹೇಳಿದರೆ ನಿಮ್ಮ ಬಾಯಿಂದ ಮೊದಲು ಹೊರಡುವ ಮಾತು ಯಾವುದು? 'ದೇವರಿಗೆ ಸ್ತೋತ್ರ' ಎಂದೋ, 'ಹುಟ್ಟುಗುಣ ಸುಟ್ಟರೂ ಹೋಗದು, ನಾಲ್ಕು ದಿನ ನೋಡಿ' ಎಂದೋ? ನಮ್ಮ ಕಾಯಿಲೆ ವಾಸಿಯಾದೀತು, ನಮ್ಮ ಮಗನಿಗೆ ಕೆಲಸ ಸಿಕ್ಕೀತು ಎಂದು ಭರವಸೆ ಇಡುವುದು ನಮಗೆ ಗೊತ್ತು. ಇನ್ನೊಬ್ಬನ ವಿಷಯದಲ್ಲಿ, ಅದರಲ್ಲೂ ಕೆಟ್ಟವನ ವಿಷಯದಲ್ಲಿ, ಭರವಸೆ ಇಡುವುದು ಬೇರೆಯೇ ಮಾತು.

ಇದನ್ನು ಇಟಲಿಯ ಅಲೆಸ್ಸಾಂಡ್ರೊ ಮಾಂಜೋನಿಯವರ ಕಾದಂಬರಿಯಷ್ಟು ಚೆನ್ನಾಗಿ ತೋರಿಸಿದ ಪುಸ್ತಕ ನನಗೆ ಬೇರೆ ಸಿಕ್ಕಿಲ್ಲ. 'ಮದುವೆ ನಿಶ್ಚಯವಾದವರು' ಎಂಬ ಅರ್ಥದ ಹೆಸರುಳ್ಳ ಈ ಕೃತಿ 1827ರಲ್ಲಿ ಹೊರಬಂತು. ಮಾಂಜೋನಿ ಅದರ ಭಾಷೆಯನ್ನೆಲ್ಲ ತಿದ್ದಿ 1840ರಿಂದ 1842ರವರೆಗೆ ಮತ್ತೆ ಪ್ರಕಟಿಸಿದರು. ಮದುವೆ ಗೊತ್ತಾದ ಯುವಕ ಯುವತಿಯರು ಇದನ್ನು ಓದಬೇಕೆಂದು ಪೋಪ್ ಫ್ರಾನ್ಸಿಸ್ 2015ರ ಮೇ ತಿಂಗಳಲ್ಲಿ ಹೇಳಿದ್ದರು.

ಕಥೆ ನಡೆಯುವುದು 1628ರಲ್ಲಿ, ಸ್ಪೇನ್ ಆಳ್ವಿಕೆಯ ಮಿಲಾನ್ ಸೀಮೆಯಲ್ಲಿ. ರೆಂಜೋ, ಲೂಚಿಯಾ ಎಂಬ ಬಡವರ ಮದುವೆಗೆ ಒಂದೇ ದಿನ ಬಾಕಿ. ಲೂಚಿಯಾಳ ಮೇಲೆ ಕಣ್ಣು ಹಾಕಿದ ದೊಡ್ಡಮನುಷ್ಯ ದೊನ್ ರೊದ್ರಿಗೊ, ಈ ಮದುವೆ ನಡೆಸಕೂಡದೆಂದು ಧರ್ಮಕೇಂದ್ರದ ಗುರು ದೊನ್ ಅಬ್ಬೊಂದಿಯೊ ಅವರಿಗೆ ಇಬ್ಬರು ಗೂಂಡಾಗಳಿಂದ ಬೆದರಿಕೆ ಹಾಕಿಸುತ್ತಾನೆ. ಗುರುಗಳು ನಡುಗಿಹೋಗುತ್ತಾರೆ. ಮರುದಿನ ಪಾಪದ ರೆಂಜೋಗೆ ಲ್ಯಾಟಿನ್ ಪದಗಳನ್ನು ಉದುರಿಸಿ, ಸಭಾಕಾನೂನಿನ ಅಡ್ಡಿಗಳಿವೆ ಎಂದು ಸಾಗಹಾಕುತ್ತಾರೆ. ಇಲ್ಲಿ ಎಲ್ಲರೂ ನಗುತ್ತಾರೆ. ಗುರುವಾದ ನನಗೆ ನಗುವಿನ ಜೊತೆಗೆ ಸ್ವಲ್ಪ ಇರಿಸುಮುರಿಸು.

ರೊದ್ರಿಗೊಗಾಗಿ ಲೂಚಿಯಾಳನ್ನು ಅಪಹರಿಸಿ ತನ್ನ ಕೋಟೆಯಲ್ಲಿಟ್ಟವನು ಇನ್ನೂ ದೊಡ್ಡ ಪಾತಕಿ. ಮಾಂಜೋನಿ ಅವನ ಹೆಸರನ್ನೇ ಹೇಳುವುದಿಲ್ಲ, ಹೆಸರಿಲ್ಲದವನು ಎಂದಷ್ಟೇ ಕರೆಯುತ್ತಾರೆ. ಆ ರಾತ್ರಿ ಅವನಿಗೆ ನಿದ್ರೆ ಬರುವುದಿಲ್ಲ. ಮಾಡಿದ ಕೃತ್ಯಗಳೆಲ್ಲ ಒಂದೊಂದಾಗಿ ಎದುರಿಗೆ ಬರುತ್ತವೆ. ಇನ್ನು ಬದುಕಿ ಪ್ರಯೋಜನವಿಲ್ಲವೆಂದು ಪಿಸ್ತೂಲು ಕೈಗೆತ್ತಿಕೊಳ್ಳುತ್ತಾನೆ. ಆದರೆ ದಯೆ ತೋರಿದವನನ್ನು ದೇವರು ಕ್ಷಮಿಸುತ್ತಾನೆಂದು ಅಳುತ್ತಾ ಹೇಳಿದ ಆ ಹುಡುಗಿಯ ಮಾತು ನೆನಪಾಗುತ್ತದೆ. ಬೆಳಗಾಗುವಾಗ ಗಂಟೆಗಳು ಮೊಳಗುತ್ತವೆ. ಜನರೆಲ್ಲ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಫೆದೆರಿಗೊ ಬೊರೊಮೆಯೊ ಅವರನ್ನು ನೋಡಲು ಹೊರಟಿದ್ದಾರೆ. ಇವನೂ ಹೋಗುತ್ತಾನೆ. ಕಾರ್ಡಿನಲರು ಅವನನ್ನು ಅಪ್ಪಿಕೊಳ್ಳುತ್ತಾರೆ.

ನನಗೆ ಮುಖ್ಯವೆನಿಸುವುದು ಇದರ ನಂತರದ ಸನ್ನಿವೇಶ. ಲೂಚಿಯಾಳನ್ನು ಕರೆತರಲು ಅದೇ ಪಾತಕಿಯ ಜೊತೆ ದೊನ್ ಅಬ್ಬೊಂದಿಯೊ ಹೋಗಬೇಕಾಗುತ್ತದೆ. ಅವರ ಹೇಸರಗತ್ತೆ ಕಣಿವೆಯ ಅಂಚಿನಲ್ಲೇ ನಡೆಯುತ್ತದೆ. ಪಕ್ಕದಲ್ಲಿ ಆ ಮನುಷ್ಯ. ಗುರುಗಳು ಒಳಗೊಳಗೇ ಗೊಣಗುತ್ತಾರೆ. ಎಷ್ಟೋ ವರ್ಷ ಪಶ್ಚಾತ್ತಾಪದ ಬಗ್ಗೆ ಪ್ರಸಂಗ ಮಾಡಿರಬಹುದಾದ ಅವರು, ಅದು ಪಕ್ಕದಲ್ಲೇ ಬರುತ್ತಿದ್ದರೂ ನಂಬಲಾರರು.

ಒಬ್ಬನು ಇನ್ನೊಬ್ಬನಿಗಾಗಿ ಭರವಸೆ ಇಡಬಹುದೇ ಎಂದು ಸಂತ ಥಾಮಸ್ ಅಕ್ವಿನಾಸರು ಕೇಳಿದ್ದಾರೆ. ಭರವಸೆ ಮೊದಲಿಗೆ ನಮ್ಮ ಒಳಿತಿಗೇ ಸಂಬಂಧಿಸಿದ್ದು, ಆದರೆ ಪ್ರೀತಿಯಿಂದ ಒಬ್ಬನೊಡನೆ ಒಂದಾದರೆ ಅವನ ಒಳಿತನ್ನೂ ನಮ್ಮದೆಂಬಂತೆ ಎದುರುನೋಡಬಹುದು ಎಂಬುದು ಅವರ ಉತ್ತರ. ಗುರುಮಠದಲ್ಲಿ ಇದನ್ನು ಪರೀಕ್ಷೆಗಾಗಿ ಓದಿದ್ದೆ. ಕುಡಿತ ಬಿಟ್ಟೆನೆಂದು ಏಳನೆಯ ಸಲ ಹೇಳುವ ಗಂಡನ ಎದುರು ಕೂತ ಹೆಣ್ಣುಮಗಳನ್ನು ಕಂಡಾಗಲೇ ಅದರ ಭಾರ ತಿಳಿದದ್ದು. ಭರವಸೆ ಇಟ್ಟವಳು ಪೆಟ್ಟಿಗೆಗೆ ಬೀಗ ಹಾಕಬಾರದೆಂದು ನಾನು ಹೇಳುವುದಿಲ್ಲ. ಬೀಗ ಇರಲಿ. ಆದರೆ 'ಇವನ ಕಥೆ ಮುಗಿಯಿತು' ಎಂದು ತೀರ್ಪು ಬರೆಯುವುದು ನಮ್ಮ ಕೆಲಸವೇ?

1630ರಲ್ಲಿ ಮಿಲಾನಿನಲ್ಲಿ ಪ್ಲೇಗು. ರೋಗಿಗಳ ಆವರಣದಲ್ಲಿ ಲೂಚಿಯಾಳನ್ನು ಹುಡುಕುವ ರೆಂಜೋ, ರೊದ್ರಿಗೊ ಸಿಕ್ಕರೆ ಸೇಡು ತೀರಿಸುವೆನೆಂದು ಕುದಿಯುತ್ತಾನೆ. ಹಿಂದೊಮ್ಮೆ ತಾನೇ ಕೊಲೆ ಮಾಡಿ ಪಶ್ಚಾತ್ತಾಪಪಟ್ಟಿದ್ದ ಕಪುಚಿನ್ ಸನ್ಯಾಸಿ ಕ್ರಿಸ್ತೊಫೊರೊ ಅವನನ್ನು ಗದರಿಸಿ, ಪ್ರಜ್ಞೆಯಿಲ್ಲದೆ ಮಲಗಿರುವ ರೊದ್ರಿಗೊನ ಬಳಿಗೇ ಕರೆದೊಯ್ದು ಪ್ರಾರ್ಥಿಸಲು ಹೇಳುತ್ತಾನೆ. ರೊದ್ರಿಗೊ ಕೊನೆಗಳಿಗೆಯಲ್ಲಿ ಪಶ್ಚಾತ್ತಾಪಪಟ್ಟನೇ? ಮಾಂಜೋನಿ ಹೇಳುವುದಿಲ್ಲ.

ರೊದ್ರಿಗೊ ಸತ್ತನೆಂಬ ಸುದ್ದಿ ಖಚಿತವಾದಾಗ ದೊನ್ ಅಬ್ಬೊಂದಿಯೊ ಅವರ ನಾಲಿಗೆ ಸಡಿಲವಾಗುತ್ತದೆ. ಪ್ಲೇಗು ಒಳ್ಳೆಯ ಪೊರಕೆಯ ಕೆಲಸವನ್ನೂ ಮಾಡಿತೆಂದು ಅವರಿಗೆ ಸಮಾಧಾನ. ಮದುವೆಗೂ ಈಗ ಯಾವ ಅಡ್ಡಿಯಿಲ್ಲ! ತಾನು ಅವನನ್ನು ಮನಸಾರೆ ಕ್ಷಮಿಸಿದ್ದೇನೆ ಎನ್ನುತ್ತಾನೆ ರೆಂಜೋ. ನೀನು ನಿನ್ನ ಕರ್ತವ್ಯ ಮಾಡಿದೆಯಪ್ಪ, ಆದರೂ ಅವನು ತೊಲಗಿದ್ದಕ್ಕೆ ದೇವರನ್ನು ಸ್ತುತಿಸಬಹುದಲ್ಲ ಎಂಬುದು ಗುರುಗಳ ಉತ್ತರ.